ಲೆಕ್ಕ ಒಪ್ಪಿಸಿದ ದೈವಸೇವಕರು: ಬ್ರಿಸ್ಟಲಿನ ಜಾರ್ಜ್ ಮುಲ್ಲರರ ಚರಿತ್ರೆ

ದೇವರ ಕೆಲಸಕ್ಕೆಂದು ಯಾರಾದರೂ ನಮ್ಮ ಬಾಗಲಿಗೆ ಬಂದು ಸಹಾಯ ಕೇಳುವಾಗ ನಮ್ಮ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವದು ಸಹಜ. ಇವರು ಹಣವನ್ನು ಯಾವ ರೀತಿಯಿಂದ ಕೂಡಿಸುತ್ತಾರೆ ಎಂಬದು ಒಂದು; ಕೊಟ್ಟ ಹಣವು ಏನಾಯಿತೆಂದು ನಮಗೆ ಯಾರು ತಿಳಿಸುವರು ಎಂಬದು ಇನ್ನೊಂದು. ಇಂಥ ಪ್ರಶ್ನೆಗಳನ್ನು ಎತ್ತುವದು ಅವಿಶ್ವಾಸದ ಗುರುತೆಂದು ಕೆಲವರು ನೆನಸುತ್ತಾರೆ. ನಾವು ಹಾಗೆ ನೆನಸುವದಿಲ್ಲ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರರು ತಮ್ಮ ಆಯುಷ್ಯದ ಬಹುಭಾಗವನ್ನು ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತಲೇ ಕಳೆದರು. ಅವರ ಪ್ರಾರ್ಥನೆಯ ಸಂಗತಿಗಳನ್ನು ನಮ್ಮ ಸಭೆಗಳಲ್ಲಿ ಅನೇಕರು ಕೇಳಿದ್ದಾರೆ. ಅವರ ಲೆಕ್ಕದ ಪುಸ್ತಕದ ಸಂಗತಿಯನ್ನು ಕೇಳಿದವರು ಕಡಿಮೆ. ಆದಕಾರಣ ಈ ತಿಂಗಳು ಅವರ ಚರಿತ್ರೆಯನ್ನು ಆ ಕಡೆಯಿಂದ ನೋಡುವ.

ಜಾರ್ಜನು 1805ನೆಯ ಇಸವಿ ಸಪ್ಟಂಬರ 27ರಂದು ಪ್ರಷ್ಯ ದೇಶದ ಕ್ರೊಪ್ಪೆನ್‌ಷ್ಟೆಟ್ ಎಂಬ ಊರಲ್ಲಿ ಹುಟ್ಟಿದನು. ತಂದೆಯು ಸರಕಾರದ ಸುಂಕ ವಸೂಲಿಯ ಅಧಿಕಾರಿಯಾಗಿದ್ದದರಿಂದ ಮನೆಯಲ್ಲಿ ಯಾವಾಗಲೂ ಸರಕಾರಿ ಹಣವಿರುತ್ತಿತ್ತು. ಹುಡುಗನಿಗೆ ಹತ್ತು ವರ್ಷ ತುಂಬುವ ಮೊದಲೇ ಆ ಹಣದ ಮೇಲೆ ಕೈ ಹೋಯಿತು. ಹಣ ಕಡಿಮೆಯಾಗುವದನ್ನು ಕಂಡ ತಂದೆಯು ಒಂದು ದಿನ ಎಣಿಸಿಟ್ಟು ಹುಡುಗನನ್ನು ಕೋಣೆಯಲ್ಲಿ ಒಬ್ಬನನ್ನೇ ಬಿಟ್ಟನು. ತಿರಿಗಿ ಬಂದು ಶೋಧಿಸುವಾಗ ಹಣವು ಅವನ ಪಾದರಕ್ಷೆಯೊಳಗೆ ಕಾಲ ಕೆಳಗೆ ಸಿಕ್ಕಿತು. ಮಕ್ಕಳು ಹಣ ಕೂಡಿಸಿಡುವದನ್ನು ಕಲಿಯಲಿ ಎಂದು ತಂದೆಯು ಕೈಖರ್ಚಿಗೆ ಕೊಟ್ಟು ಲೆಕ್ಕ ಕೇಳುತ್ತಿದ್ದನು; ಜಾರ್ಜನು ಸುಳ್ಳು ಲೆಕ್ಕ ಬರೆದು ತೋರಿಸುತ್ತಿದ್ದನು. ದೃಢೀಕರಣದ ಕಾಲದಲ್ಲಿ ಬೋಧಕನಿಗೆಂದು ತಂದೆಯು ಕೊಟ್ಟ ಹಣದಲ್ಲಿ ಹನ್ನೆರಡರಲ್ಲಿ ಒಂದು ಪಾಲನ್ನು ಮಾತ್ರ ಬೋಧಕನಿಗೆ ಮುಟ್ಟಿಸಿ ಉಳಿದದ್ದನ್ನು ತಾನಿಟ್ಟುಕೊಂಡನು. 16 ವರ್ಷದವನಾಗಿರುವಾಗ ಹೋಟೆಲುಗಳಲ್ಲಿ ತಂಗಿ ಹಣ ಕೊಡದೆ ಹೋದ ತಪ್ಪಿಗಾಗಿ ಸುಮಾರು ನಾಲ್ಕು ವಾರ ಸೆರೆಮನೆಯಲ್ಲಿದ್ದನು.

ಇನ್ನೊಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ನೋರ್ಡ್‌ಹೌಸೆನ್ ಪಟ್ಟಣದ ಶಾಲೆಯಲ್ಲಿರುವಾಗ ಅವನು ಮನೆಯಿಂದ ಬಂದ ಹಣವನ್ನೆಲ್ಲಾ ವೆಚ್ಚ ಮಾಡಿ, ತನ್ನ ಪೆಟ್ಟಿಗೆಯ ಬೀಗವನ್ನು ತಾನೇ ಮುರಿದು, ಕಳ್ಳರು ಬಂದು ದೋಚಿದರೆಂದು ಕೂಗುತ್ತಾ ಮುಖ್ಯೋಪಾಧ್ಯಾಯರ ಬಳಿಗೆ ಓಡಿದನು. ಗೆಳೆಯರು ಮರುಗಿ, ಅವನು ಕಳಕೊಂಡೆನೆಂದು ಹೇಳಿದಷ್ಟು ಹಣವನ್ನು ಕೂಡಿಸಿ ಕೊಟ್ಟರು. ಕರುಣೆ ಹುಟ್ಟಿಸುವ ಸುಳ್ಳು ಕಥೆಯಿಂದ ಹಣ ಕೂಡಿಸುವದು ಎಷ್ಟು ಸುಲಭವೆಂಬದನ್ನು ಅವನು ಹೀಗೆ ಎಳೆಯ ಪ್ರಾಯದಲ್ಲಿಯೇ ಕಲಿತನು. 1825ರಲ್ಲಿ ಹಾಲೆ ಪಟ್ಟಣದ ವಿದ್ಯಾಪೀಠದಲ್ಲಿ ದೈವಜ್ಞಾನ ಕಲಿಯುತ್ತಿರುವಾಗ ಸ್ನೇಹಿತರೊಂದಿಗೆ ಸ್ವಿಟ್ಸರ್ಲೆಂಡಿಗೆ ಪ್ರವಾಸ ಹೋದನು. ಎಲ್ಲರ ಹಣದ ಚೀಲವು ಅವನ ವಶದಲ್ಲಿತ್ತು. ಅವನು ಇಸ್ಕರಿಯೋತ ಯೂದನಂತೆ ನಡೆದು, ತನ್ನ ಪಾಲಿನ ವೆಚ್ಚವು ಇತರರ ವೆಚ್ಚದ ಮೂರರಲ್ಲಿ ಎರಡು ಪಾಲು ಮಾತ್ರ ಆಗುವಂತೆ ಮಾಡಿಕೊಂಡನು. ಇವೆಲ್ಲವನ್ನು ಅವರ ವೈರಿಗಳು ಹೇಳಿದ್ದಲ್ಲ. ಮುಂದೆ ಅವರೇ ತಮ್ಮ ಚರಿತ್ರೆಯಲ್ಲಿ ಬರೆದು ಅಚ್ಚು ಹಾಕಿಸಿದರು.

ಅದೇ ವರ್ಷದ ನವಂಬರ ತಿಂಗಳಲ್ಲಿ ಸ್ನೇಹಿತನೊಬ್ಬನು ಅವನನ್ನು ಒಬ್ಬ ವಿಶ್ವಾಸಿಯ ಮನೆಯ ಪ್ರಾರ್ಥನಾಕೂಟಕ್ಕೆ ಕರಕೊಂಡು ಹೋದನು. ಮನುಷ್ಯರು ಮೊಣಕಾಲೂರಿ ಪ್ರಾರ್ಥಿಸುವದನ್ನು ಅವನು ಕಂಡದ್ದು ಅಂದೇ ಮೊದಲು. ಆ ರಾತ್ರಿಯಿಂದ ಅವನ ಜೀವಿತವು ಬೇರೆ ದಾರಿ ಹಿಡಿಯಿತು. ಮಗನು ಒಳ್ಳೆಯ ಸಂಬಳದ ಪಾದ್ರಿಯಾಗಿ ತನ್ನನ್ನು ಮುಪ್ಪಿನಲ್ಲಿ ನೋಡಿಕೊಳ್ಳಬೇಕೆಂದು ತಂದೆಯು ಆಶಿಸಿದ್ದನು. ತಾನು ಮಿಶನರಿಯಾಗಲು ಮನಸ್ಸು ಮಾಡಿರುವಾಗ ಆ ಆಶೆಯಿಂದ ಕೊಡುವ ಹಣವನ್ನು ತಕ್ಕೊಳ್ಳುವದು ನ್ಯಾಯವಲ್ಲವೆಂದು ಮಗನು ತಿಳಿದು, ಅಂದಿನಿಂದ ತಂದೆಯ ಹಣವನ್ನು ಬಿಟ್ಟನು. ಸ್ವಲ್ಪ ಕಾಲದಲ್ಲಿ ಅಮೇರಿಕದಿಂದ ಬಂದ ಕೆಲವು ವಿದ್ವಾಂಸರಿಗೆ ಜರ್ಮನ್ ಭಾಷೆಯನ್ನು ಕಲಿಸುವ ಕೆಲಸ ಸಿಕ್ಕಿ ಅವನ ಕೊರತೆ ನೀಗಿತು. ಹಾಲೆಯಲ್ಲಿ ಫ್ರಾಂಕೆ ಎಂಬ ದೈವಸೇವಕರು ನೂರಕ್ಕಿಂತ ಹೆಚ್ಚು ವರ್ಷಗಳ ಮುಂಚೆ ಸ್ಥಾಪಿಸಿದ ಅನಾಥಶಾಲೆಯ ಕಟ್ಟಡದಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತವಾಗಿ ವಾಸಸ್ಥಳ ಕೊಡುತ್ತಿದ್ದರು. ಅಲ್ಲಿ ಎರಡು ತಿಂಗಳು ಇದ್ದಾಗ ಕಂಡದ್ದನ್ನು ಮುಲ್ಲರರು ಮರೆಯಲಿಲ್ಲ.

1829ರಲ್ಲಿ ಅವರು ಯೆಹೂದ್ಯರೊಳಗೆ ಸುವಾರ್ತೆ ಸಾರುವ ಒಂದು ಸಂಘದ ಆಶ್ರಯದಲ್ಲಿ ಲಂಡನಿಗೆ ಬಂದರು. ಮುಂದಿನ ವರ್ಷ ಆ ಸಂಘವನ್ನು ಬಿಟ್ಟು ಟೇನ್‌ಮೌತ್ ಎಂಬ ಕಡಲ ಕರೆಯ ಊರಿನ ಚಿಕ್ಕ ಸಭೆಗೆ ಬೋಧಕರಾದರು. 1830ರ ಅಕ್ಟೋಬರದಲ್ಲಿ ಮೇರಿ ಗ್ರೋವ್ಸ್ ಎಂಬವರನ್ನು ಮದುವೆಯಾದರು. ಅದೇ ತಿಂಗಳು ಅವರು ಮಾಡಿದ ನಿರ್ಣಯವು ಸಭೆಯವರನ್ನು ಬೆರಗುಗೊಳಿಸಿತು. ಆ ಕಾಲದಲ್ಲಿ ಅಂಥ ಸಭೆಗಳಲ್ಲಿ ಆರಾಧನೆಯ ಪೀಠಗಳನ್ನು ಬಾಡಿಗೆಗೆ ಕೊಟ್ಟು, ಆ ಹಣದಿಂದ ಬೋಧಕನ ಸಂಬಳ ಕೊಡುವದು ವಾಡಿಕೆ. ಹಣವುಳ್ಳವನಿಗೆ ಮುಂದಿನ ಪೀಠ, ಬಡವನಿಗೆ ಮೂಲೆ. ಇದು ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯಕ್ಕೆ ವಿರೋಧವೆಂದು ಕಂಡು ಮುಲ್ಲರರು ಪೀಠದ ಬಾಡಿಗೆಯನ್ನೂ ನಿಶ್ಚಿತ ಸಂಬಳವನ್ನೂ ಬಿಟ್ಟುಬಿಟ್ಟರು. ಮೂರು ತಿಂಗಳಿಗೊಮ್ಮೆ ಗುಣುಗುಟ್ಟುತ್ತಾ ಕೊಡುವ ಹಣವು ಕೊಡುವವನಿಗೂ ತಕ್ಕೊಳ್ಳುವವನಿಗೂ ಹಾನಿಕರವೆಂಬದು ಅವರ ಅಭಿಪ್ರಾಯ. ದೇವಾಲಯದಲ್ಲಿ ಒಂದು ಪೆಟ್ಟಿಗೆಯನ್ನಿಟ್ಟರು. ಮನಸ್ಸುಳ್ಳವರು ಅದರಲ್ಲಿ ಹಾಕಬಹುದಾಗಿತ್ತು. ಪೆಟ್ಟಿಗೆ ತೆರೆಯಬೇಕಾದವರು ಕೆಲವು ವಾರ ಮರೆತುಬಿಟ್ಟರೂ, ಮನೆಯಲ್ಲಿ ರೊಟ್ಟಿಗೆ ಹಣವಿಲ್ಲದಿದ್ದರೂ, ಅವರು ಬಾಯಿಬಿಟ್ಟು ನೆನಪು ಮಾಡಲಿಲ್ಲ.

1832ರಲ್ಲಿ ಬ್ರಿಸ್ಟಲಿಗೆ ಬಂದು, 1834ರ ಮಾರ್ಚಿ 5ರಂದು ಶಾಲೆಗಳನ್ನು ನಡಿಸುವ, ಸತ್ಯವೇದವನ್ನು ಹಂಚುವ, ಮಿಶನರಿಗಳಿಗೆ ನೆರವಾಗುವ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಆ ದಿನಗಳಲ್ಲಿ ಇಂಗ್ಲೆಂಡಿನ ಧರ್ಮಸಂಘಗಳು ಹೇಗೆ ಹಣ ಕೂಡಿಸುತ್ತಿದ್ದವೆಂದರೆ, ಒಬ್ಬ ಪ್ರಭುವನ್ನು ಪೋಷಕನೆಂದು ಹೆಸರಿಸುವರು. ವಾರ್ಷಿಕ ಕೂಟದಲ್ಲಿ ಅವನನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸುವರು. ಚಂದಾ ಕೊಟ್ಟವರ ಹೆಸರುಗಳನ್ನು ಮೊತ್ತದೊಂದಿಗೆ ಅಚ್ಚು ಹಾಕಿಸುವರು. ಕೆಲವು ಅನಾಥಶಾಲೆಗಳಲ್ಲಿ ಚಂದಾದಾರರಿಗೆ ಮತಾಧಿಕಾರವಿತ್ತು. ಮಗುವನ್ನು ಸೇರಿಸಬೇಕಾದರೆ ಬಂಧುಗಳು ಮನೆಮನೆಗೆ ಹೋಗಿ ಮತ ಬೇಡಬೇಕಾಗಿತ್ತು. ಮುಲ್ಲರರ ಸಂಸ್ಥೆಯು ಈ ರೀತಿಗಳನ್ನು ಕೈಕೊಳ್ಳಲಿಲ್ಲ. ಲೋಕದ ದೊಡ್ಡವರ ಪೋಷಣೆಯನ್ನು ಹುಡುಕಬಾರದು, ಯಾವ ಮನುಷ್ಯನಿಂದಲೂ ಹಣ ಕೇಳಬಾರದು, ಸಾಲ ಮಾಡಿ ಕೆಲಸವನ್ನು ಹೆಚ್ಚಿಸಬಾರದು, ಕೂಡಿಬಂದ ಹಣದ ಮೊತ್ತದಿಂದ ಕೆಲಸದ ಸಫಲತೆಯನ್ನು ಅಳೆಯಬಾರದು ಎಂಬವು ಅವರ ನೇಮಗಳು.

1835ರ ದಶಂಬರದಲ್ಲಿ ಅನಾಥಶಾಲೆಯ ಯೋಚನೆಯನ್ನು ತಿಳಿಸಲು ಕೂಟ ನೆರೆದಾಗ ಅವರು ಬೇಕೆಂತಲೇ ಕಾಣಿಕೆ ಎತ್ತಲಿಲ್ಲ. ಜನರ ಹೃದಯವು ಬಿಸಿಯಾಗಿರುವ ಗಳಿಗೆಯಲ್ಲಿ ಕೈ ಚಾಚಬಾರದೆಂದು ತಿಳಿದರು. ಕೂಟ ಮುಗಿದ ಮೇಲೆ ಹತ್ತು ಷಿಲಿಂಗು ಬಂತು. ಬಳಿಕ ಒಂದೊಂದಾಗಿ ಪಾತ್ರೆ ಪದಾರ್ಥಗಳು ಬಂದವು. ಒಬ್ಬನು ತಂದ 28 ತಟ್ಟೆ, 3 ಬೋಗುಣಿ, 4 ಚಾಕು ಮುಂತಾದವುಗಳನ್ನು ಅವರು ಎಣಿಸಿ ಬರೆದಿಟ್ಟರು. ಹೊಲಿಗೆಯಿಂದ ವಾರಕ್ಕೆ ಮೂರು ನಾಲ್ಕು ಷಿಲಿಂಗು ಮಾತ್ರ ಗಳಿಸುತ್ತಿದ್ದ ಒಬ್ಬ ರೋಗಿಷ್ಠ ಹೆಂಗಸು 100 ಪೌಂಡು ಕಳುಹಿಸಿದಳು. ಪೌಂಡಿಗೆ 20 ಷಿಲಿಂಗು ಎಂಬದನ್ನು ನೆನಸಿದರೆ ಅದು ಅವಳ ಎಷ್ಟು ವರ್ಷದ ದುಡಿತವೆಂದು ತಿಳಿಯುವದು. ಮುಲ್ಲರರು ಹಿಗ್ಗಿ ಅದನ್ನು ಕೂಡಲೆ ತಕ್ಕೊಳ್ಳಲಿಲ್ಲ. ಅವಳನ್ನು ಕರಿಸಿ, ಆವೇಶದಿಂದ ಕೊಟ್ಟು ಮುಂದೆ ಪಶ್ಚಾತ್ತಾಪಪಡುವಳೋ ಎಂದು ವಿಚಾರಿಸಿದರು. ಪಿತ್ರಾರ್ಜಿತವಾಗಿ ಅವಳಿಗೆ ಸುಮಾರು 480 ಪೌಂಡು ಬಂದಿತ್ತೆಂದೂ, ಅವಳು ತಂದೆಯ ಸಾಲದಲ್ಲಿ ಉಳಿದದ್ದನ್ನು ತೀರಿಸಿ ತಾಯಿಗೆ 100 ಪೌಂಡು ಕೊಟ್ಟ ಮೇಲೆ ಇದನ್ನು ಕೊಟ್ಟಳೆಂದೂ ತಿಳಿದ ಬಳಿಕವೇ ಸ್ವೀಕರಿಸಿದರು. ಸಾಲವಿಟ್ಟುಕೊಂಡು ದಾನ ಕೊಡುವವರ ಹಣ ಬೇಡವೆಂಬದು ಮುಂದೆಯೂ ಅವರ ಪದ್ಧತಿ. ಆ ಹಣವು ನ್ಯಾಯವಾಗಿ ಸಾಲ ಕೊಟ್ಟವನದು.

ಮಕ್ಕಳ ಅರ್ಜಿಗಳನ್ನು ತಕ್ಕೊಳ್ಳಲು ಗೊತ್ತುಮಾಡಿದ ದಿನ ಅವರು ಎರಡು ತಾಸು ಕಾದು ಕೂತರು, ಒಬ್ಬರೂ ಬರಲಿಲ್ಲ. ಹಣ, ಮನೆ, ಸಾಮಾನು, ಕೆಲಸದವರು, ಎಲ್ಲಕ್ಕಾಗಿ ಪ್ರಾರ್ಥಿಸಿದ್ದರೂ ಮಕ್ಕಳನ್ನು ಕಳುಹಿಸೆಂದು ಪ್ರಾರ್ಥಿಸಲು ತಾವು ಮರೆತದ್ದು ಆಗ ಅವರಿಗೆ ನೆನಪಾಯಿತು. ಆ ಸಾಯಂಕಾಲ ಅದಕ್ಕಾಗಿ ಪ್ರಾರ್ಥಿಸಿದರು. ಮರುದಿನ ಮೊದಲನೆಯ ಅರ್ಜಿ ಬಂತು. 1836ರ ಎಪ್ರಿಲ್ 11ರಂದು ವಿಲ್ಸನ್ ಬೀದಿಯ ಒಂದು ಬಾಡಿಗೆ ಮನೆಯಲ್ಲಿ ಹೆಣ್ಣು ಮಕ್ಕಳ ಶಾಲೆ ತೆರೆಯಿತು.

ಎರಡು ವರ್ಷ ಕಳೆಯುವಷ್ಟರಲ್ಲಿ ಮೂರು ಮನೆಗಳಲ್ಲಿ ಸುಮಾರು 100 ಮಕ್ಕಳಾದರು. 1838ರ ಸಪ್ಟಂಬರದಿಂದ ಕಷ್ಟಕಾಲ ಆರಂಭವಾಯಿತು. ಒಂದೊಂದು ದಿನ ಮಧ್ಯಾಹ್ನದ ಊಟಕ್ಕೆ ಬೇಕಾದ ಹಣವು ಬೆಳಿಗ್ಗೆ ಕೈಯಲ್ಲಿರುತ್ತಿರಲಿಲ್ಲ. ಮುಲ್ಲರರು ಕೆಲಸದವರೆಲ್ಲರನ್ನು ಕರೆದು ಸ್ಥಿತಿಯನ್ನು ತಿಳಿಸಿ, ಹೊರಗೆ ಯಾರಿಗೂ ಇದನ್ನು ಹೇಳಬಾರದೆಂದೂ ರೊಟ್ಟಿಯನ್ನು ಸಹ ಸಾಲವಾಗಿ ತರಬಾರದೆಂದೂ ಗೊತ್ತುಮಾಡಿದರು. ಅವರು ಒಟ್ಟುಗೂಡಿ ಪ್ರಾರ್ಥಿಸುತ್ತಿದ್ದರು; ತಮ್ಮ ಸ್ವಂತ ಹಣವನ್ನೂ ತಂದಿಡುತ್ತಿದ್ದರು. ಆ ತಿಂಗಳ 18ರಂದು ಲಂಡನಿನಿಂದ ಬಂದ ಒಬ್ಬ ಹೆಂಗಸು ಮಗಳು ಕೊಟ್ಟ ಕಾಣಿಕೆಯನ್ನು ತಂದೊಪ್ಪಿಸಿದಳು. ವಿಚಾರಿಸಿದರೆ, ಅವಳು ಬಂದು ನಾಲ್ಕೈದು ದಿನಗಳಾಗಿದ್ದವು, ಇಳುಕೊಂಡದ್ದು ಅನಾಥಶಾಲೆಯ ಪಕ್ಕದ ಮನೆಯಲ್ಲಿ! ಒಂದು ಗೋಡೆಯ ಆಚೆ ಸಹಾಯವಿತ್ತು. ಈಚೆ ಜನರು ಕಾಸಿಗಾಗಿ ಪ್ರಾರ್ಥಿಸುತ್ತಿದ್ದರು. ಕರ್ತನು ಕೊಡುವ ಮೊದಲೇ ಸಿದ್ಧಮಾಡಿಟ್ಟಿದ್ದನೆಂದು ಅವರು ತಿಳುಕೊಂಡು ಸಂತೋಷಪಟ್ಟರು.

ಈಗ ನಾವು ಈ ಚರಿತ್ರೆಯ ಮುಖ್ಯ ಸಂಗತಿಗೆ ಬಂದೆವು. ಪ್ರತಿವರ್ಷದ ಕೊನೆಯಲ್ಲಿ ಮುಲ್ಲರರು ಸಾರ್ವಜನಿಕ ಕೂಟ ನೆರೆಯಿಸಿ ವರದಿಯನ್ನು ಅಚ್ಚು ಹಾಕಿಸುತ್ತಿದ್ದರು. ಅದರಲ್ಲಿ ಬಂದ ಹಣ, ವೆಚ್ಚವಾದ ಹಣ, ಕಳೆದ ಕೊರತೆಗಳು, ದೇವರು ಅವುಗಳನ್ನು ನೀಗಿಸಿದ ರೀತಿ, ಎಲ್ಲವೂ ಇರುತ್ತಿದ್ದವು. 1841ರ ದಶಂಬರದಲ್ಲಿ ವರದಿಯ ಕಾಲ ಬಂದಾಗ ಬೊಕ್ಕಸವು ಬರಿದಾಗಿತ್ತು. ಆಗ ವರದಿಯನ್ನು ಹೊರಡಿಸಿದರೆ ಓದಿದವರು ಮರುಗಿ ಹಣ ಕಳುಹಿಸುವದು ಖಂಡಿತ. ಮುಲ್ಲರರು ಯೋಚಿಸಿದರು: ಬಾಯಿಯಿಂದ ಕೇಳದೆ ವರದಿಯಿಂದ ಕೇಳಿದರೆ ಅದೂ ಕೇಳಿದಂತೆಯೇ ಅಲ್ಲವೋ? ಆದದರಿಂದ ಅವರು ಕೂಟವನ್ನೂ ವರದಿಯನ್ನೂ ಕೆಲವು ತಿಂಗಳು ಮುಂದಕ್ಕೆ ಹಾಕಿದರು. ಆ ಮೇಲಿನ ನಾಲ್ಕು ತಿಂಗಳು ಅವರ ವಿಶ್ವಾಸವು ಎಂದೂ ಇಲ್ಲದಷ್ಟು ಕಠಿಣವಾಗಿ ಶೋಧಿಸಲ್ಪಟ್ಟಿತು. ಆದರೂ ಮಕ್ಕಳು ಉಪವಾಸ ಬೀಳಲಿಲ್ಲ.

ಆ ಕಷ್ಟದ ವರ್ಷಗಳಲ್ಲಿ ಒಮ್ಮೆ, ಮೊದಲಿನಿಂದ ಕಾಣಿಕೆ ಕೊಡುತ್ತಿದ್ದ ಒಬ್ಬ ಸಹೋದರನು ಕಾಗದ ಬರೆದು, ಈಗ ಏನಾದರೂ ಕೊರತೆಯಿದೆಯೋ, ನೀವು ಕೇಳುವವರಲ್ಲವಾದರೂ ನಾನು ಕೇಳಿದ್ದಕ್ಕೆ ಉತ್ತರ ಹೇಳುವದರಲ್ಲಿ ತಪ್ಪೇನು ಎಂದು ವಿಚಾರಿಸಿದನು. ಆಗ ಅವರ ಕೈಯಲ್ಲಿದ್ದದ್ದು ಎರಡು ಷಿಲಿಂಗಿಗಿಂತ ತುಸು ಹೆಚ್ಚು ಮಾತ್ರ. ಆದರೂ ಬೊಕ್ಕಸದ ಸ್ಥಿತಿಯನ್ನು ತಿಳಿಸಲು ತಮಗೆ ಮನಸ್ಸಾಕ್ಷಿಯಲ್ಲಿ ಬಿಡುಗಡೆಯಿಲ್ಲವೆಂದು ವಿನಯದಿಂದ ಉತ್ತರ ಬರೆದರು. ದೇವರು ಜೀವಿಸುವಾತನೆಂದು ಬಲಹೀನ ವಿಶ್ವಾಸಿಗಳು ಕಾಣಬೇಕೆಂಬದೇ ಅವರ ಮೊದಲನೆಯ ಉದ್ದೇಶವಾಗಿತ್ತು. ಮಕ್ಕಳ ಪೋಷಣೆಯು ಅದರ ನಂತರದ್ದು. ಕೆಲವು ದಿನಗಳಲ್ಲಿ ಅದೇ ಸಹೋದರನು 100 ಪೌಂಡು ಕಳುಹಿಸಿದನು. ಅದು ಮುಟ್ಟಿದಾಗ ಕೈಯಲ್ಲಿ ಒಂದು ಕಾಸೂ ಉಳಿದಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾವು ಮುಚ್ಚಿಡಬಾರದು. ಮುಲ್ಲರರ ವರದಿಗಳನ್ನೂ ಅವರ ಚರಿತ್ರೆಯನ್ನೂ ಸಾವಿರಾರು ಜನರು ಓದಿದರು, ಓದಿದವರು ಕೊಟ್ಟರು. ಹಾಗಾದರೆ ಆ ವರದಿಯೇ ಮೌನವಾದ ಬೇಡಿಕೆಯಲ್ಲವೇ ಎಂದು ಕೇಳಬಹುದು. ವರದಿಯಿಂದ ಹಣ ಬಂದದ್ದು ನಿಜವೆಂದು ನಾವು ಒಪ್ಪುತ್ತೇವೆ. ಆದರೆ ಅವರು ವರದಿಯನ್ನೇ ನಿಲ್ಲಿಸಿದ್ದರೆ, ಕೊಟ್ಟವರಿಗೆ ಲೆಕ್ಕ ತಪ್ಪಿಸಿದ ದೋಷ ಬರುತ್ತಿತ್ತು. ಆದಕಾರಣ ಅವರು ಒಂದು ಗೆರೆ ಎಳೆದುಕೊಂಡರು. ಕಳೆದುಹೋದ ಕೊರತೆಯನ್ನು ಬರೆಯಬಹುದು, ಅದು ಕೃತಜ್ಞತೆ. ಇಂದಿನ ಕೊರತೆಯನ್ನು ಬರೆಯಬಾರದು, ಅದು ಬೇಡಿಕೆ. ಆ ಗೆರೆಯನ್ನು ದಾಟುವ ಅಪಾಯ ಕಂಡಲ್ಲಿ ತಮಗೆ ನಷ್ಟವಾಗುವ ಕಡೆಯನ್ನೇ ಆರಿಸಿದರು. ಸುಳ್ಳು ಕಳವಿನ ಕಥೆ ಹೇಳಿ ಗೆಳೆಯರಿಂದ ಹಣ ಕೂಡಿಸಿದವರು ನಿಜವಾದ ಹಸಿವಿನ ಕಥೆಯನ್ನು ಸಹ ತಕ್ಕ ಕಾಲಕ್ಕಿಂತ ಮುಂಚೆ ಹೇಳಲು ಒಪ್ಪಲಿಲ್ಲವೆಂಬದೇ ನಮಗೆ ದೇವರ ಕೃಪೆಯ ಸಾಕ್ಷಿ.

ಇದರಿಂದ ಕೇಳುವದೇ ಪಾಪವೆಂದು ಯಾರೂ ತಿಳಿಯಬಾರದು. ಪೌಲನು ಯೆರೂಸಲೇಮಿನ ಬಡವರಿಗಾಗಿ ಸಭೆಗಳಿಂದ ಬಹಿರಂಗವಾಗಿ ಕೇಳಿದನು. ಬಾಸೆಲ್ ಮಿಶನಿಗಾಗಿ 1855ರಿಂದ ಸ್ವಿಟ್ಸರ್ಲೆಂಡ್ ಮತ್ತು ಜರ್ಮನಿಯ ಮನೆಗಳಲ್ಲಿ ವಾರವಾರವೂ ಅರ್ಧ ಬಾಟ್ಸೆನ್ ಎಂಬ ಚಿಕ್ಕ ನಾಣ್ಯವನ್ನು ಕೇಳಿ ಕೂಡಿಸಿದರು. ಅಂಥ ಬಡವರ ಕಾಸುಗಳಿಂದ ನಮ್ಮ ಸೀಮೆಯ ಕೆಲಸವೂ ನಡೆಯಿತು. ಆದರೆ ಪೌಲನು ಆ ಹಣವನ್ನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ನಿಂದೆಗೆ ಎಡೆಯಾಗಬಾರದೆಂದು, ಸಭೆಗಳು ಆರಿಸಿದವನನ್ನು ಜೊತೆಯಲ್ಲಿ ಕರಕೊಂಡನೆಂಬದನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಕೇಳುವವರಿಗೂ ಕೇಳದವರಿಗೂ ಲೆಕ್ಕದ ನೇಮ ಒಂದೇ.

ಮುಲ್ಲರರ ಲೆಕ್ಕದ ರೀತಿ ಹೀಗಿತ್ತು. ಕಾಣಿಕೆ ಕೊಟ್ಟ ಪ್ರತಿಯೊಬ್ಬನಿಗೂ ಅಚ್ಚಿನ ರಸೀದಿಯನ್ನು ಸಂಖ್ಯೆ ಹಾಕಿ ಕೊಡುತ್ತಿದ್ದರು. ವರದಿಯಲ್ಲಿ ಅದೇ ಸಂಖ್ಯೆಯ ಎದುರಿಗೆ ಅವನ ಕಾಣಿಕೆ ಇರುತ್ತಿತ್ತು, ಹೆಸರು ಇರುತ್ತಿರಲಿಲ್ಲ. ಹೊಗಳಿಕೆಗಾಗಿ ಕೊಡುವವನಿಗೆ ಇದರಲ್ಲಿ ಲಾಭವಿರಲಿಲ್ಲ. ತನ್ನ ಹಣ ತಕ್ಕ ಸ್ಥಳಕ್ಕೆ ಮುಟ್ಟಿತೋ ಎಂದು ನೋಡುವವನಿಗೆ ಪೂರ್ಣ ಉತ್ತರವಿತ್ತು. ತನ್ನ ಸಂಖ್ಯೆ ಕಾಣದಿದ್ದವನು ಮುಲ್ಲರರಿಗೇ ಬರೆಯಬೇಕೆಂದು ತಿಳಿಸಿದ್ದರು. ಸಾವಿರ ಪೌಂಡಿಗೂ ಹಳೇ ಉಂಗುರಕ್ಕೂ ಒಂದೇ ರೀತಿಯ ಸ್ಥಾನವಿತ್ತು.

ಕೆಲಸವು ಬೆಳೆಯಿತು. 1845ರಲ್ಲಿ ವಿಲ್ಸನ್ ಬೀದಿಯ ನೆರೆಯವರು ಮಕ್ಕಳ ಗದ್ದಲದಿಂದ ತೊಂದರೆಯಾಗುತ್ತದೆಂದು ದೂರಿದಾಗ, ಆ ದೂರು ನ್ಯಾಯವೆಂದು ಮುಲ್ಲರರು ಒಪ್ಪಿ, ಊರ ಹೊರಗೆ ಆಷ್ಲಿ ಡೌನ್ ಎಂಬಲ್ಲಿ ಕಟ್ಟಲು ನಿರ್ಣಯಿಸಿದರು. ಎಕರೆಗೆ 200 ಪೌಂಡು ಬೆಲೆಯ ಭೂಮಿಯನ್ನು ಒಡೆಯನು 120 ಪೌಂಡಿಗೆ ಕೊಟ್ಟನು. 1849ರಲ್ಲಿ 300 ಮಕ್ಕಳ ಮೊದಲನೆಯ ಮನೆಯೂ, 1870ರೊಳಗೆ ಒಟ್ಟು ಐದು ಮನೆಗಳೂ ತೆರೆದವು. ಅವುಗಳಲ್ಲಿ 2,050 ಮಕ್ಕಳಿಗೆ ಸ್ಥಳವಿತ್ತು. ಅವರ ಜೀವಮಾನದಲ್ಲಿ ಸುಮಾರು 10,000 ಅನಾಥರು ಪೋಷಣೆ ಹೊಂದಿದರು. ಸಂಸ್ಥೆಗೆ ಒಟ್ಟು ಸುಮಾರು 15 ಲಕ್ಷ ಪೌಂಡು ಬಂತು. 1865ರಲ್ಲಿ ಹಡ್ಸನ್ ಟೇಲರರು ಚೀನ ದೇಶಕ್ಕಾಗಿ ಸ್ಥಾಪಿಸಿದ ಮಿಶನು ಇದೇ ನೇಮವನ್ನು ಹಿಡಿಯಿತು. ಮುಲ್ಲರರು ಅದಕ್ಕೆ ಧಾರಾಳವಾಗಿ ನೆರವಾದರು.

ನಮ್ಮ ದೇಶಕ್ಕೂ ಅವರಿಗೂ ಸಂಬಂಧವಿಲ್ಲದೆ ಇಲ್ಲ. ಅವರ ಹೆಂಡತಿಯ ಅಣ್ಣನಾದ ಆಂಟನಿ ನಾರಿಸ್ ಗ್ರೋವ್ಸ್ ಎಂಬವರು ಇಂಡಿಯದಲ್ಲಿ ಮಿಶನರಿಯಾಗಿದ್ದರು. 1836ರಲ್ಲಿ ಗ್ರೋವ್ಸರ ಸಂಗಡ ಈ ದೇಶಕ್ಕೆ ಬಂದವರಲ್ಲಿ ಹೆರ್ಮನ್ ಗುಂಡರ್ಟರು ಒಬ್ಬರು. ಅವರು 1838ರಲ್ಲಿ ಮಂಗಳೂರಿಗೆ ಬಂದು ಬಾಸೆಲ್ ಮಿಶನನ್ನು ಸೇರಿ, ಬಳಿಕ ಮಲೆಯಾಳ ಸೀಮೆಯಲ್ಲಿ ಪ್ರಸಿದ್ಧರಾದರು. ಮುಲ್ಲರರು ತಾವೂ 70 ವರ್ಷದ ಮೇಲೆ ಅನೇಕ ದೇಶಗಳಲ್ಲಿ ಸುವಾರ್ತೆ ಸಾರುತ್ತಾ ಸಂಚರಿಸಿ, 1883ರಲ್ಲಿ ಇಂಡಿಯಕ್ಕೂ ಬಂದರು.

1898ರ ಮಾರ್ಚಿ 9ರ ಸಾಯಂಕಾಲ 92 ವರ್ಷದ ಆ ಮುದುಕರು ಎಂದಿನಂತೆ ಪ್ರಾರ್ಥನಾಕೂಟವನ್ನು ನಡಿಸಿದರು. ಮರುದಿನ ಬೆಳಿಗ್ಗೆ ಕರ್ತನಲ್ಲಿ ನಿದ್ರೆಹೋದರು. ಅವರು ಬಿಟ್ಟುಹೋದ ಸ್ವಂತ ಆಸ್ತಿ ಮನೆಸಾಮಾನು ಸಹಿತವಾಗಿ ಸುಮಾರು 169 ಪೌಂಡು. ವರ್ಷವರ್ಷದ ವರದಿಗಳಲ್ಲಿ ಹೆಸರು ಹೇಳದ ಒಬ್ಬ ಕರ್ತನ ಸೇವಕನ ಕಾಣಿಕೆಗಳು ಮತ್ತೆ ಮತ್ತೆ ಕಾಣುತ್ತಿದ್ದವು; ಒಟ್ಟು 81,000 ಪೌಂಡಿಗಿಂತ ಹೆಚ್ಚು. ಆ ಸೇವಕನು ಯಾರೆಂದು ಆಗ ತಿಳಿಯಿತು. ತಮ್ಮ ಸ್ವಂತ ಉಪಯೋಗಕ್ಕೆಂದು ಜನರು ಕೊಟ್ಟ ಹಣವನ್ನು ಮುಲ್ಲರರೇ ಆ ಹೆಸರಿಲ್ಲದ ಸಾಲಿನಲ್ಲಿ ಜಮೆ ಮಾಡುತ್ತಾ ಬಂದಿದ್ದರು. ಚಿಕ್ಕಂದಿನಲ್ಲಿ ತಂದೆಗೆ ಸುಳ್ಳು ಲೆಕ್ಕ ತೋರಿಸಿದ ಕೈ, ಪರಲೋಕದ ತಂದೆಗೆ ಬರೆದ ಲೆಕ್ಕದಲ್ಲಿ ತನ್ನ ಹೆಸರನ್ನು ಮಾತ್ರ ಮರೆಮಾಡಿತು.

ಆಷ್ಲಿ ಡೌನಿನ ಮನೆಗಳನ್ನು 1958ರಲ್ಲಿ ಮಾರಿದರು. ಕಟ್ಟಡಗಳು ಬೇರೆಯವರ ವಶವಾದವು. ಉಳಿಯಬೇಕಾದದ್ದು ಅವರ ಮಾದರಿ. ನಮ್ಮ ಸಭೆಗಳಲ್ಲಿ ಹೆಂಗಸರು ಅನ್ನಕ್ಕೆ ಅಳೆಯುವಾಗ ಹಿಡಿ ಅಕ್ಕಿಯನ್ನು ತೆಗೆದಿಡುತ್ತಾರೆ. ಬೆಳೆಹಬ್ಬದಲ್ಲಿ ಮೊದಲ ತೆನೆಯನ್ನೂ ಕುಂಬಳಕಾಯಿಯನ್ನೂ ತಂದು ಹರಾಜಿಗಿಡುತ್ತಾರೆ. ಆ ಅಕ್ಕಿಗೆ ಎಷ್ಟು ಬಂತು, ಆ ಹರಾಜಿನ ಹಣ ಎಲ್ಲಿ ವೆಚ್ಚವಾಯಿತು ಎಂಬದನ್ನು ಆ ಹೆಂಗಸರಿಗೆ ಓದಿ ಹೇಳುವ ಭಾರವು ಉಪದೇಶಕರಾದ ನಮ್ಮ ಮೇಲೂ ಸಭೆಯ ಹಿರಿಯರ ಮೇಲೂ ಇದೆ. ಯಾರೂ ಕೇಳುವದಿಲ್ಲವೆಂಬದು ನಮಗೆ ನೆವವಲ್ಲ. ಕೇಳುವಾತನು ಒಬ್ಬನಿದ್ದಾನೆ. ಅಗತ್ಯವನ್ನು ಹೆಚ್ಚಿಸಿ ಹೇಳದೆ ಕೇಳುವದಕ್ಕೂ, ಬಂದದ್ದನ್ನು ಕಡಿಮೆ ಮಾಡದೆ ಬರೆಯುವದಕ್ಕೂ ಕರ್ತನು ನಮಗೆ ಮನಸ್ಸು ಕೊಡಲಿ. ಮುಂದಿನ ಸಭಾಕೂಟದಲ್ಲಿ ಜಮಾಖರ್ಚಿನ ಪುಸ್ತಕವನ್ನು ಬಲಿಪೀಠದ ಬಳಿಯಲ್ಲಿ ತೆರೆದಿಟ್ಟು ಓದುವ ಹಿರಿಯರು ಆ ದಿನದ ಪ್ರಸಂಗದ ಅರ್ಧವನ್ನು ಮಾಡಿ ಮುಗಿಸಿದವರಾಗುವರು.